ಒಬ್ಬಳೇ ಅವ್ವ, ಇಬ್ಬರು ಬಸುರಿಯರು

ಎಪ್ಪತ್ತರ ದಶಕದ ಕೊನೆಕೊನೆಯ ವರ್ಷಗಳು. ಮೊದಲ ಹೆರಿಗೆಗೆಂದು ನಾನು ಮುದ್ದೇಬಿಹಾಳದ ಅತ್ತೆಮನೆಯಿಂದ ಅಗರಖೇಡದ ತವರಿಗೆ ಬಂದೆ. ಅತ್ತೆಮನೆಯಲ್ಲಿ ಬಸುರಿಗೆ ಮಾಡುವ ಕುಬಸ ಮುಗಿದಿತ್ತು. ಅಲ್ಲಿ ಉಡಿಸಿದ ಹಸಿರು ಇಳಕಲ್ ಸೀರೆ ಮೈಮೇಲೆ, ಕೈತುಂಬ ಹಸಿರು ಬಳೆ. ಕರೆಯಲು ಬಂದಿದ್ದ ಅಪ್ಪ ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಬಿಟ್ಟರೆ ದಾರಿಯಲ್ಲಿ ಹೆಚ್ಚು ಮಾತಾಡಲಿಲ್ಲ. ನಾನು ಅವ್ವನನ್ನೇ ನೆನೆಯುತ್ತಾ ಕೂತಿದ್ದೆ. ಅತ್ತೆಮನೆಯಲ್ಲಿ ಹೇಳಿಕೊಳ್ಳಲಾಗದ ವಾಂತಿ, ಸಂಕಟ, ಹೆದರಿಕೆ ಎಲ್ಲವನ್ನೂ ಅವ್ವನ ಮಡಿಲಲ್ಲಿ ತಲೆಯಿಟ್ಟು ಹೇಳಿ ಅಳಬೇಕೆಂದು ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದೆ.

ಬಾಗಿಲಲ್ಲಿ ಕಾಲಿಗೆ ನೀರು ತಂದವಳು ಅವ್ವನಲ್ಲ, ವೈನಿ. ಅಣ್ಣನ ಹೆಂಡತಿ. ನೀರಿನ ತಂಬಿಗೆ ಹಿಡಿದು ನಿಂತವಳ ಹೊಟ್ಟೆ ನನ್ನ ಹೊಟ್ಟೆಗಿಂತ ಒಂದು ಗೇಣು ಮುಂದಿತ್ತು.

ಅವಳೂ ಬಸುರಿ ಎಂದು ನನಗೆ ಯಾರೂ ತಿಳಿಸಿರಲಿಲ್ಲ. ಹಿಂದೆ ಎರಡು ಸಲ ಅವಳ ಬಸುರು ನಿಲ್ಲದೆ ಹೋಗಿತ್ತು. ಈ ಸಲ ತಿಂಗಳು ತುಂಬುವವರೆಗೆ ಊರವರ ಬಾಯಿಗೆ ಬೀಳುವುದು ಬೇಡವೆಂದು ಅವ್ವ ಬಿಗಿಯಾಗಿ ಬಾಯಿ ಮುಚ್ಚಿಕೊಂಡಿದ್ದಳಂತೆ. ವೈನಿ ಬಸವನ ಬಾಗೇವಾಡಿ ಕಡೆಯ ಹಳ್ಳಿಯವಳು. ಚಿಕ್ಕಂದಿನಲ್ಲೇ ತಾಯಿ ತೀರಿಹೋಗಿ ಕಾಕಾ ಕಾಕಿಯ ಮನೆಯಲ್ಲಿ ಬೆಳೆದವಳು. ಹೆರಿಗೆಗೆ ಹೋಗಲು ಅವಳಿಗೆ ತವರು ಎಂಬುದಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರೂ, ನಾನು ಹುಟ್ಟಿದ ಒಳಕೋಣೆಯಲ್ಲಿ ಅವಳ ಹೊರಸು, ಅವಳ ಕೌದಿ, ಅವಳ ತಲೆದಿಂಬು ಕಂಡಾಗ ಎದೆಯೊಳಗೆ ಏನೋ ಚುರ್ ಎಂದಿತು. ನನ್ನ ಹಾಸಿಗೆಯನ್ನು ಪಡಸಾಲೆಯಲ್ಲಿ ಹಾಸಿದ್ದರು.

"ಇಲ್ಲಿ ಗಾಳಿ ಚಲೋ ಬರತೈತಿ. ನಿನಗ ಸೆಕಿ ಆಗಂಗಿಲ್ಲ," ಎಂದಳು ಅವ್ವ.

"ಇಷ್ಟ್ ಥಂಡ್ಯಾಗ ಯಾವ ಸೆಕಿನ ಯವ್ವಾ?" ಎಂದೆ.

ಕೇಳಿಸದವಳ ಹಾಗೆ ಅವಳು ವೈನಿಗೆ ಹಾಲು ಕಾಸಲು ಒಳಗೆ ಹೋದಳು.

ಕೋಣೆಗಿಂತಲೂ ನನ್ನನ್ನು ಚುಚ್ಚಿದ್ದು ಒಂದು ಮಾತು. ನಮ್ಮ ಕಡೆ ಸೊಸೆಯಾದವಳು ಅತ್ತೆಯನ್ನು 'ಅತ್ತಿ' ಎಂದೇ ಕರೆದು, ಪ್ರತಿ ಮಾತಿಗೂ 'ರಿ' ಹಚ್ಚುತ್ತಾಳೆ. ಮುದ್ದೇಬಿಹಾಳದಲ್ಲಿ ನಾನೂ ಹಾಗೆಯೇ ತಲೆತಗ್ಗಿಸಿ ಮಾತಾಡುತ್ತಿದ್ದೆ. ನನ್ನ ಮದುವೆಗೆ ಮುಂಚೆ ವೈನಿಯೂ ಹಾಗೆಯೇ ಇದ್ದಳು. ನಾನಿಲ್ಲದ ಹೊತ್ತಿನಲ್ಲಿ ಅದು ಯಾವಾಗ ಬದಲಾಯಿತೋ! "ಅವ್ವಾ, ಉಪ್ಪು ಎಲ್ಲಿಟ್ಟೀ?" ಎಂದು ಅವಳು ಅಡುಗೆಮನೆಯಿಂದ ಕೂಗಿದಳು. "ಗೂಡಿನಾಗ ನೋಡ ಮಗಳ," ಎಂದು ಅವ್ವ ಹಿತ್ತಲಿನಿಂದ ಉತ್ತರಿಸಿದಳು. ನಾನು ನಡುವೆ ಪಡಸಾಲೆಯಲ್ಲಿ ಕೂತಿದ್ದೆ. ಆ ಎರಡು ಮಾತು ನನ್ನ ತಲೆಯ ಮೇಲಿನಿಂದ ಹಾದುಹೋದವು. ಮದುವೆಯಾಗಿ ಹೋಗುವಾಗ ನಾನು ಈ ಮನೆಯಲ್ಲಿ ಬಿಟ್ಟುಹೋದದ್ದನ್ನು ಯಾರೋ ಎತ್ತಿಕೊಂಡು ತೊಟ್ಟುಕೊಂಡಂತಿತ್ತು.

ಆದರೂ ದಿನ ಕಳೆದಂತೆ ಅವಳಿಲ್ಲದೆ ನನಗೆ, ನಾನಿಲ್ಲದೆ ಅವಳಿಗೆ ನಡೆಯದಂತಾಯಿತು. ಹೊಟ್ಟೆ ಅಷ್ಟು ಮುಂದೆ ಬಂದಮೇಲೆ ಇಬ್ಬರಿಗೂ ನಮ್ಮ ನಮ್ಮ ಪಾದ ಕಾಣುತ್ತಿರಲಿಲ್ಲ, ಕೈಗೂ ನಿಲುಕುತ್ತಿರಲಿಲ್ಲ. ಹಾಗಾಗಿ ಸಂಜೆ ಬಚ್ಚಲ ಕಲ್ಲಿನ ಮೇಲೆ ಒಬ್ಬಳು ಕೂತು ಕಾಲು ಚಾಚಿದರೆ ಇನ್ನೊಬ್ಬಳು ತಿಕ್ಕಿ ತೊಳೆಯುವುದು, ಆಮೇಲೆ ಅದಲುಬದಲು. ನನ್ನ ಕಾಲು ಬಾತು ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿದ್ದಾಗ ಎಣ್ಣೆ ಹಚ್ಚಿ, ಊದಿ, ನನ್ನನ್ನು ನಗಿಸುತ್ತಾ ಅದನ್ನು ಬಿಡಿಸಿದವಳು ಅವಳೇ. ಅವಳ ಕಾಲು ಮಾತ್ರ ಒಂದಿಷ್ಟೂ ಬಾತಿರಲಿಲ್ಲ. ತೆಳ್ಳಗೆ, ಹುಡುಗಿಯ ಕಾಲಿನ ಹಾಗೆ ಇತ್ತು. ತೊಳೆಯುತ್ತಾ ತೊಳೆಯುತ್ತಾ ನನಗೆ ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

ಅವಳಿಗೆ ಹೆದರಿಕೆಯೊಂದಿತ್ತು. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಿದ್ದಳು. "ಮುಂಜಾನಿಂದ ಸುಮ್ಮನ ಐತಿ. ಮಿಸುಕಾಡತೈತೇನ ನೋಡ ತಂಗಿ." ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಒಳಗಿನಿಂದ ಒಂದು ಒದೆತ ಅಂಗೈಗೆ ತಾಗುತ್ತಿತ್ತು. ಆಗ ಅವಳ ಮುಖ ಅರಳುವುದನ್ನು ನೋಡಿದರೆ ನನಗೂ ಕಣ್ಣು ತುಂಬುತ್ತಿತ್ತು. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಮತ್ಸರ ಇರುತ್ತಿರಲಿಲ್ಲ. ಅವ್ವ ಹೊಲದಿಂದ ಬಂದು, ನನ್ನ ಕಡೆ ನೋಡುವ ಮುಂಚೆ "ಹ್ಯಾಂಗದೀ ಮಗಳ?" ಎಂದು ಒಳಕೋಣೆಗೆ ನಡೆದಾಗ ಅದು ಮತ್ತೆ ಬಂದು ಕೂಡುತ್ತಿತ್ತು.

ಜೋಳ ಹಾಲುದುಂಬುವ ಕಾಲ. ಒಂದು ದಿನ ಅಣ್ಣ ಹೊಲದಲ್ಲಿ ಎಳೆಯ ತೆನೆ ಸುಟ್ಟು, ಬಡಿದು, ಬಿಸಿಬಿಸಿ ಸೀತನಿ ಕಟ್ಟಿಕೊಂಡು ತಂದ. ಮುದ್ದೇಬಿಹಾಳದಲ್ಲಿದ್ದಾಗಿನಿಂದ ನನಗೆ ಇದ್ದ ಬಯಕೆ ಅದೊಂದೇ. ವಾಸನೆಗೇ ಬಾಯಲ್ಲಿ ನೀರು ಬಂತು. ಅವ್ವ ಗಂಟು ಬಿಚ್ಚಿ, ಬೆಲ್ಲ, ಪುಠಾಣಿ ಕಡಲೆ ಕಲಸಿ, ಮೊದಲ ಬೊಗಸೆಯನ್ನು ವೈನಿಯ ಉಡಿಗೆ ಹಾಕಿದಳು.

ನನಗೆ ತಡೆಯಲಾಗಲಿಲ್ಲ. "ಈ ಮನಿ ಮಗಳು ಯಾರು ಅನ್ನೂದ ಮರತೀಯೇನ ಯವ್ವಾ? ನಾ ಯಾಕರ ಬಂದ್ನೋ. ಅಲ್ಲೇ ಅತ್ತಿಮನ್ಯಾಗ ಹಡೀತಿದ್ದೆ," ಎಂದುಬಿಟ್ಟೆ.

ಅವ್ವ ತಿರುಗಿದ ರಭಸಕ್ಕೆ ಗಂಟಿನ ಸೀತನಿ ಒಂದಿಷ್ಟು ಚೆಲ್ಲಿತು. "ನಾಲಿಗಿ ಎಷ್ಟ್ ಉದ್ದ ಬೆಳಸೀದಿ! ಹೊಟ್ಟಿಬಾಕಿ! ನಿನಗ ಅತ್ತಿಮನಿ ಐತಿ, ತವರಮನಿ ಐತಿ. ಆಕಿಗೆ ಇದ ಒಂದ ಮನಿ. ಒಂದ್ ಬೊಗಸಿ ತಿಂದ್ರ ನಿನ್ನ ಗಂಟೇನ ಹೋತು? ತಗೋ, ಎಲ್ಲಾ ನೀನ ತಿನ್ನು!" ಎಂದು ಇಡೀ ಗಂಟನ್ನು ನನ್ನ ಮುಂದೆ ಕುಕ್ಕಿದಳು.

ತಿಂದೆ. ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ ತಿಂದೆ. ತಾಯಿ ಇಲ್ಲದವಳೆಂದರೆ ಇಷ್ಟು ಪ್ರೀತಿ ಸಿಗುವುದಾದರೆ, ತಾಯಿ ಇದ್ದು ನನಗೇನು ಸುಖ ಎಂದುಕೊಂಡೆ.

ಮರುದಿನ ಬಚ್ಚಲ ಕಲ್ಲಿನ ಮೇಲೆ ವೈನಿ ನನ್ನ ಕಾಲು ತೊಳೆಯುತ್ತಿದ್ದಳು. ನಾನು ಮುಖ ಆ ಕಡೆ ತಿರುಗಿಸಿಕೊಂಡಿದ್ದೆ. ಅವಳೇ ಬಾಯಿ ಬಿಟ್ಟಳು.

"ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತೈತಿ ತಂಗಿ."

"ನನ್ನ ನೋಡಿ ಏನ್ ಉರಕೋತೀರಿ ವೈನಿ? ಕೋಣಿ ನಿಮ್ದು, ಹಾಲು ನಿಮ್ದು, ಅವ್ವನೂ ನಿಮ್ಮಾಕಿ ಆದ್ಲು."

ಅವಳು ತಲೆಯೆತ್ತಲಿಲ್ಲ. ನನ್ನ ಹಿಮ್ಮಡಿ ತಿಕ್ಕುತ್ತಲೇ ಹೇಳಿದಳು. "ನಿನ್ನೆ ಅವ್ವ ನಿನಗ ಹ್ಯಾಂಗ ಬೈದ್ಲು! ಇಷ್ಟ್ ವರ್ಷದಾಗ ನನಗ ಒಮ್ಮೆನೂ ಹಂಗ ಬೈದಿಲ್ಲ. ಹಾಲು ಉಕ್ಕಿಸಿದ್ರೂ ಬೈಯಂಗಿಲ್ಲ, ಗಡಿಗಿ ಒಡದ್ರೂ ಬೈಯಂಗಿಲ್ಲ. ಬಾಯಿ ತುಂಬ ಮಗಳ ಅಂತಾಳ, ಖರೆ. ಆದ್ರ ಮಂದಿ ಮಗಳಿಗೆ ಯಾರು ಬೈತಾರ? ಬೈಸ್ಕೊಳ್ಳಾಕ ಹೊಟ್ಟ್ಯಾಗ ಹುಟ್ಟಬೇಕು."

ನನಗೆ ಒಳಗೊಳಗೇ ಖುಷಿಯಾಯಿತು. ಅವಳ ಬಳಿ ಇಲ್ಲದ್ದೊಂದು ನನ್ನ ಬಳಿ ಇತ್ತು. ಅಂದಿನಿಂದ ನಾನು ಬೇಕೆಂದೇ ಅವ್ವನಿಂದ ಬೈಸಿಕೊಳ್ಳತೊಡಗಿದೆ. ಬಿಸಿಲಿಗೆ ಕೂದಲು ಬಿಚ್ಚಿ ಕೂರುವುದು, ಹುಣಸೆಹಣ್ಣು ಕದ್ದು ತಿನ್ನುವುದು. ಅವ್ವ ಬೈದಾಗಲೆಲ್ಲ ವೈನಿಯ ಮುಖ ನೋಡುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ತಿಂಗಳು ತುಂಬಿದಾಗ ಎದುರುಮನೆಯ ಮುದುಕಿಯೊಬ್ಬಳು ಬಂದು ಅವ್ವನನ್ನು ಎಚ್ಚರಿಸಿದಳು. "ಒಂದ ಸೂರಿನ ಕೆಳಗ ಇಬ್ರು ಹಡೀಬಾರದವ್ವಾ. ಒಬ್ಬಾಕಿನ್ನ ಬ್ಯಾರೆ ಕಡೆ ಇಡು." ನಾನು ಅವ್ವನ ಮುಖ ನೋಡಿದೆ. ಕಳಿಸುವುದಾದರೆ ಯಾರನ್ನು ಕಳಿಸುತ್ತಾಳೆ? ವೈನಿಯೂ ಕೈಯಲ್ಲಿದ್ದ ಮೊರ ಕೆಳಗಿಟ್ಟು ಅವ್ವನನ್ನೇ ನೋಡುತ್ತಿದ್ದಳು. ಅವ್ವ ಕಾಳು ಆರಿಸುವುದನ್ನು ನಿಲ್ಲಿಸದೆ, "ಎಲ್ಲಿ ಕಳಸ್ಲಿ? ಇಬ್ರೂ ಇಲ್ಲೇ ಹಡೀಲಿ. ಆಗೂದ ಆಗ್ಲಿ," ಎಂದಳು. ಮುದುಕಿ ಗೊಣಗುತ್ತಾ ಎದ್ದುಹೋದಳು. ನಾವಿಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಟ್ಟೆವು. ಅವಳನ್ನು ಕಳಿಸಲೆಂದು ನಾನು ಆಶಿಸಿದ್ದೆ. ನನ್ನನ್ನು ಕಳಿಸಲೆಂದು ಅವಳೂ ಆಶಿಸಿರಬೇಕು.

ಮೊದಲು ನೋವು ಬಂದದ್ದು ವೈನಿಗೆ, ಬೆಳಗಿನ ರೊಟ್ಟಿಯ ಹೊತ್ತಿಗೆ. ಸೂಲಗಿತ್ತಿ ಬಂದು ಒಳಕೋಣೆಯ ಬಾಗಿಲು ಮುಚ್ಚಿದಳು. ಬಸುರಿ ಒಳಗೆ ಬರಬಾರದೆಂದು ನನ್ನನ್ನು ಹೊರಗಿಟ್ಟರು. ನಾನು ಹೊಸ್ತಿಲಿನ ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ನೋವಿನ ನಡುವೆ ಅವಳು ಕೂಗುತ್ತಿದ್ದಳು.

"ತಂಗೀ, ಅದೀಯೇನ?"

"ಅದೀನ್ರಿ ವೈನಿ. ಇಲ್ಲೇ ಅದೀನಿ."

ಅವಳು ಕೂಗಿದಾಗಲೆಲ್ಲ ನಾನು ಉತ್ತರ ಕೊಟ್ಟೆ. ನನ್ನ ಗಂಟಲೂ ಅವಳ ಗಂಟಲಿನ ಹಾಗೆ ಒಣಗಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಕೂಗು ನಿಂತಿತು. ಆಮೇಲೆ ಕೂಸಿನ ಅಳು. ಹೆಣ್ಣು. ಅದಾದಮೇಲೆ ನಾನು ಕೇಳಿದ್ದು ಅವ್ವನ ಅಳು. ನನ್ನ ಮದುವೆಯ ದಿನವೂ ಅವಳು ಹಾಗೆ ದನಿ ತೆಗೆದು ಅತ್ತಿರಲಿಲ್ಲ. ಬಾಗಿಲಿನ ಈಚೆ ನಾನೂ ಅತ್ತೆ. ಅರ್ಧ ಸಂತೋಷಕ್ಕೆ. ಉಳಿದರ್ಧ ಯಾವುದಕ್ಕೆಂದು ಹೇಳಬೇಕಾಗಿಲ್ಲ.

ನನ್ನ ಸರದಿ ಬಂದದ್ದು ವಾರ ಕಳೆದ ಮೇಲೆ. ವೈನಿ ಬಾಣಂತಿ. ಒಳಕೋಣೆಯಲ್ಲಿ, ಹೊರಸಿನ ಕೆಳಗೆ ಕೆಂಡವಿಟ್ಟುಕೊಂಡು, ಕಿವಿಗೆ ಅರಿವೆ ಕಟ್ಟಿಕೊಂಡು ಮಲಗಿರಬೇಕಾದವಳು. ಪಡಸಾಲೆಗೆ ಸೀರೆಯ ಪರದೆ ಕಟ್ಟಿ ನನ್ನನ್ನು ಅಲ್ಲಿ ಕೂರಿಸಿದ್ದರು. ಮುಂದೆ ಸೂಲಗಿತ್ತಿ, ಪಕ್ಕದಲ್ಲಿ ಅವ್ವ. ಕೊನೆಗೂ ಅವ್ವ ಪೂರಾ ನನ್ನವಳಾಗಿದ್ದಳು. ಆದರೆ ಬೆನ್ನಿಗೆ ಆಸರೆಯಿಲ್ಲದೆ ನಾನು ಹಿಂದಕ್ಕೆ ಹಿಂದಕ್ಕೆ ಬೀಳುತ್ತಿದ್ದೆ. ಆಗ ಪರದೆ ಸರಿಯಿತು. ವೈನಿ ಗೋಡೆ ಹಿಡಿದು ನಡೆದು ಬಂದು, ನನ್ನ ಹಿಂದೆ ಕೂತು, ತನ್ನ ಎದೆಗೆ ನನ್ನ ಬೆನ್ನು ಒರಗಿಸಿಕೊಂಡಳು.

ಅವ್ವ ಕೆಂಡವಾದಳು. "ಬುದ್ಧಿ ಐತೇನ ನಿನಗ? ಹಸಿ ಬಾಣಂತಿ ಎದ್ದ ಬಂದೀದಿ! ನಂಜಾಗಿ ಸಾಯಬೇಕಂತ ಮಾಡೀಯೇನ? ಹುಚ್ಚ ಕತ್ತಿ! ಏಳ ಮ್ಯಾಕ, ನಡೀ ಒಳಗ!"

"ಒಲ್ಲೆ," ಎಂದಳು ವೈನಿ.

"ಒಲ್ಲೆ ಅಂತಾಳ ನೋಡ, ಭಂಡಿ!"

ನನ್ನ ಬೆನ್ನಿಗೆ ತಾಗಿದ್ದ ವೈನಿಯ ಎದೆ ಅದುರುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ಕತ್ತು ತಿರುಗಿಸಿ ನೋಡಿದರೆ ನಗುತ್ತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಆ ನೋವಿನಲ್ಲೂ ನನಗೆ ಕಿಚ್ಚು ಹತ್ತಿತು. ನನ್ನದೆಂದು ಉಳಿದಿದ್ದ ಒಂದೇ ಒಂದು ಪಾಲನ್ನೂ, ಅದೂ ನನ್ನ ಹೆರಿಗೆಯ ಹೊತ್ತಿನಲ್ಲೇ, ಅವಳು ಪಡೆದುಕೊಂಡಿದ್ದಳು. ಆ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ ಅವಳ ಮೊಣಕಾಲು ಹಿಡಿದು ತಿಣುಕಿದೆ. ಮಗ ಹುಟ್ಟಿದ. ಅವಳ ಮೊಣಕಾಲಿನ ಮೇಲೆ ನನ್ನ ಉಗುರಿನ ಗಾಯ ಬಹಳ ದಿನ ಇತ್ತು.

ಹೆರಿಗೆಯಾದ ಮೇಲೆ ನನ್ನ ಹೊರಸನ್ನೂ ಒಳಕೋಣೆಯಲ್ಲಿ ಅವಳ ಪಕ್ಕಕ್ಕೆ ಹಾಕಿದರು. ನನಗೆ ಹಾಲು ಸರಿಯಾಗಿ ಇಳಿಯಲಿಲ್ಲ. ಅಣ್ಣ ಇಂಡಿ ಪೇಟೆಗೆ ಹೋಗಿ ಅಂಟು, ಕೊಬ್ಬರಿ, ಉತ್ತತ್ತಿ ತಂದ. ಹಾಲು ಬರಲೆಂದು ಅವ್ವ ಅಳ್ವಿ ಬೀಜದ ಪಾಯಸ ಮಾಡಿ ಕುಡಿಸಿದಳು, ಅಂಟಿನುಂಡಿ ತಿನ್ನಿಸಿದಳು. ಮಗ ಹಸಿದು ಕಿರುಚುತ್ತಿದ್ದ. ಯಾರೂ ಏನೂ ಹೇಳುವ ಮುಂಚೆ ವೈನಿ ಅವನನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ತನ್ನ ಸೆರಗಿನೊಳಗೆ ಸೇರಿಸಿದಳು. ಕಿರುಚಾಟ ಥಟ್ಟನೆ ನಿಂತಿತು. ಆ ಕಡೆ ಅವಳ ಮಗಳು, ಈ ಕಡೆ ನನ್ನ ಮಗ. ಅವಳ ಹಾಲಿಗೆ ಬರವಿರಲಿಲ್ಲ. ಮಗ ಗಟಗಟ ನುಂಗುವ ಸದ್ದು ಕೇಳುತ್ತಾ ನಾನು ಪಕ್ಕದ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಅವನು ಬದುಕಿದ್ದು ಅವಳಿಂದ. ಅದು ಗೊತ್ತಿದ್ದೂ, ಅವನು ಹೊಟ್ಟೆ ತುಂಬಿ ಅವಳ ತೋಳಿನಲ್ಲೇ ನಿದ್ದೆ ಹೋದಾಗ, ಎಬ್ಬಿಸಿಯಾದರೂ ಕಿತ್ತುಕೊಳ್ಳಬೇಕೆನಿಸುತ್ತಿತ್ತು. ಕಿತ್ತುಕೊಳ್ಳುತ್ತಿದ್ದೆ ಕೂಡ. ಅವಳು ಬೇಡವೆನ್ನುತ್ತಿರಲಿಲ್ಲ.

ಬರಬರುತ್ತಾ ನನಗೂ ಅಷ್ಟಿಷ್ಟು ಹಾಲು ಬಂತು. ಆಕಳ ಹಾಲೂ ಅವನಿಗೆ ಒಗ್ಗಿತು. ಬೇಸಿಗೆ ಮುಗಿಯುವ ಹೊತ್ತಿಗೆ ಗಂಡ ಕರೆಯಲು ಬಂದರು.

ಬಸ್ಸಿಗೆ ಕಾಯುವಾಗ ಬೇವಿನ ಮರದ ಕೆಳಗೆ ಕೂತು ವೈನಿ ಕೊನೆಯ ಸಲ ಅವನಿಗೆ ಹಾಲು ಕೊಟ್ಟಳು. ಅವಳ ಮಗಳು ಅವ್ವನ ಬಗಲಲ್ಲಿದ್ದಳು. ಬಸ್ಸು ಬಂದಾಗ ಅವನನ್ನು ಬಿಡಿಸಿ ನನ್ನ ಕೈಗಿತ್ತು, ಸೆರಗಿನಿಂದ ಅವನ ಬಾಯಿ ಒರೆಸಿದಳು. ನಾನು ಹತ್ತಿ ಕೂತಮೇಲೆ ಕಿಟಕಿಯ ಕೆಳಗೆ ಓಡಿಬಂದು ಹೇಳಿದಳು.

"ತಂಗೀ, ಎಡಕ್ಕ ಹಾಕ್ಕೋ. ಎಡಕ್ಕ ಹಾಕ್ಕೊಂಡ್ರ ಲಗೂನ ಮಲಗತಾನ."

ನನ್ನ ಮಗ ಹೇಗೆ ಮಲಗುತ್ತಾನೆಂದು ನನಗೆ ಅವಳು ಹೇಳಿಕೊಡುತ್ತಿದ್ದಳು. ನಾನು "ಹೂಂ" ಎಂದೆ. ಬಸ್ಸು ಹೊರಟಿತು. ಅವನನ್ನು ಬಲಕ್ಕೆ ಹಾಕಿಕೊಂಡೆ. ಅವನು ಮೈ ಸೆಟೆಸಿ, ಮುಖ ಕೆಂಪಗೆ ಮಾಡಿಕೊಂಡು ಅತ್ತ. ತಟ್ಟಿದೆ, ತೂಗಿದೆ, ಹಾಡಿದೆ. ಮುಂದಿನ ಸೀಟಿನ ಹೆಂಗಸರು ತಿರುಗಿ ತಿರುಗಿ ನೋಡಿದರು. ಗಂಡ ಏನು ಮಾಡಬೇಕೆಂದು ತಿಳಿಯದೆ ಕಿಟಕಿ ತೆರೆಯುವುದು, ಮುಚ್ಚುವುದು ಮಾಡಿದರು. ಇಂಡಿ ಬಂತು, ಇಂಡಿ ದಾಟಿತು. ಅವನ ದನಿ ಕಮ್ಮಿಯಾಗಿ ಬಿಕ್ಕಳಿಕೆ ಶುರುವಾದಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನನ್ನು ಎಡಕ್ಕೆ ಹೊರಳಿಸಿಕೊಂಡೆ. ಒಮ್ಮೆ ಮುಖ ಉಜ್ಜಿದ, ಉಸಿರು ಬಿಟ್ಟ, ಮಲಗಿಬಿಟ್ಟ.