ಗೇಣಕ್ಕನ ಅಳತೆ

ಚಾರಣ ಸಂಘದ ಉಗ್ರಾಣವನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿರುವ ಹೆಂಗಸನ್ನು ಎಲ್ಲರೂ ಗೇಣಕ್ಕ ಎನ್ನುತ್ತಾರೆ. ಸ್ಲೀಪಿಂಗ್ ಬ್ಯಾಗನ್ನು ಕೊಡವಿ, ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಕೈ ನಿಲ್ಲಿಸಿ ಅಳೆಯುವುದು ಆಕೆಯ ಪದ್ಧತಿ. ಗೇಣೆತ್ತರ ಉಬ್ಬಿದರೆ ಅದು ಹಿಮಕ್ಕೆ ಹೋಗಬಹುದು. ಉಬ್ಬದಿದ್ದರೆ ಆಕೆ ಉಗ್ರಾಣದ ಪುಸ್ತಕದಲ್ಲಿ ರುಜು ಹಾಕುವುದಿಲ್ಲ, ತಲೆ ಮೇಲೆ ತಲೆ ಬಿದ್ದರೂ.

ಬೆಚ್ಚಗಿಡುವುದು ಬ್ಯಾಗಿನೊಳಗೆ ತುಂಬಿದ ಪುಕ್ಕವಲ್ಲ, ಆ ಪುಕ್ಕದ ನಡುವೆ ನಿಂತ ಗಾಳಿ. ಇದನ್ನು ಹೇಳಿ ಹೇಳಿ ಆಕೆಯ ನಾಲಗೆ ಸವೆದಿದೆ. ಅದಕ್ಕೇ ಬ್ಯಾಗುಗಳನ್ನು ಗೂಟಕ್ಕೆ ಸಡಿಲವಾಗಿ ನೇತುಹಾಕುತ್ತಿದ್ದಳು.

ಮೊಣಕಾಲಿನ ಆಪರೇಷನ್ನಿಗೆಂದು ಎಂಟು ತಿಂಗಳು ರಜೆ ಹಾಕಿದಳು. ಆಗ ಸಂಘದ ಹೊಸ ಕಾರ್ಯದರ್ಶಿ, ಆಕೆಯ ಸ್ವಂತ ಮೈದುನ, ಉಗ್ರಾಣವನ್ನು ಚೊಕ್ಕ ಮಾಡಿದ. ಹತ್ತು ಬ್ಯಾಗುಗಳನ್ನೂ ಮಂಡಿಯೂರಿ ಒತ್ತಿ, ಪಟ್ಟಿ ಬಿಗಿದು, ಕುಂಬಳಕಾಯಿ ಗಾತ್ರದ ಚೀಲಗಳಿಗೆ ತುರುಕಿ ಕಪಾಟಿಗೇರಿಸಿದ. ಗೂಟಗಳನ್ನು ಕಿತ್ತು ತೆರವು ಮಾಡಿದ ಜಾಗಕ್ಕೆ ಕೇರಂ ಬೋರ್ಡು ಬಂತು.

ಆಕೆ ಮರಳಿದಾಗ ಅವನ ನಾಯಕತ್ವದಲ್ಲಿ, ಅವನೂ ಸೇರಿ, ಹತ್ತು ಜನ ಹಿಮಶಿಖರಕ್ಕೆ ಹೊರಡಲು ಮೂರೇ ದಿನವಿತ್ತು.

"ಎಷ್ಟು ಜಾಗ ಉಳೀತು ನೋಡಿ ಅತ್ತಿಗೆ."

"ಜಾಗ ಉಳೀತಪ್ಪ. ಜನ ಉಳೀಬೇಕಲ್ಲ."

ಒಂದೊಂದನ್ನೇ ಬಿಚ್ಚಿ ಹರಡಿದಳು. ಎಲ್ಲವೂ ನಾಲ್ಕೇ ಬೆರಳು.

"ಬಿಸಿಲಿಗೆ ಹಾಕಿದ್ರೆ ಉಬ್ಬತ್ತೆ ಬಿಡಿ."

"ನೀನೂ ಎಂಟು ತಿಂಗಳು ಕಾಲು ಮಡಚ್ಕೊಂಡು ಚೀಲದಲ್ಲಿರು. ಆಮೇಲೆ ಬಿಸಿಲಿಗೆ ಹಾಕ್ತೀನಿ. ಎಷ್ಟು ನೆಟ್ಟಗಾಗ್ತೀಯ ನೋಡೋಣ."

ಎರಡು ದಿನ ಲಾಂಡ್ರಿಯಲ್ಲಿ ಕೂತಳು. ಸಣ್ಣ ಕಾವಿನ ಡ್ರೈಯರಿನಲ್ಲಿ, ಬಡಿದು ಉಬ್ಬಿಸಲೆಂದು ಹಾಕಿದ ಟೆನಿಸ್ ಚೆಂಡುಗಳ ಜೊತೆ ಬ್ಯಾಗುಗಳನ್ನು ಉರುಳಿಸಿದಳು. ಗಂಟುಗಟ್ಟಿದ್ದನ್ನು ಬೆರಳಿನಿಂದ ಬಿಡಿಸಿದಳು. ಪುಕ್ಕ ತುಂಬಿದ ಒಂಬತ್ತು ನಿಧಾನವಾಗಿ ಗೇಣಿಗೆ ಬಂದವು. ಹತ್ತನೆಯದರಲ್ಲಿದ್ದದ್ದು ಪಾಲಿಯೆಸ್ಟರ್ ಎಳೆ. ಮುರಿದ ಎಳೆ ಮತ್ತೆ ನಿಲ್ಲುವುದಿಲ್ಲ. ಅದು ನಾಲ್ಕು ಬೆರಳಿನಲ್ಲೇ ಮಲಗಿತು.

ಒಂಬತ್ತಕ್ಕೆ ರುಜು ಹಾಕಿ, ಹತ್ತನೆಯದರ ಮುಂದೆ 'ಬೇಸಿಗೆಗೆ ಮಾತ್ರ' ಎಂದು ಬರೆದಳು.

"ಹಾಗಾದ್ರೆ ಒಬ್ಬರು ಉಳೀಬೇಕಾಗತ್ತೆ," ಎಂದ ಮೈದುನ.

"ಹೂಂ. ಯಾರು ಅಂತ ನಾನು ಹೇಳ್ಬೇಕಾ?"

"ಅತ್ತಿಗೆ, ಎರಡು ವರ್ಷದಿಂದ ಕಾದಿದ್ದೀನಿ. ನಾನು ನಾಯಕ."

"ನಾಯಕನಿಗೆ ಚಳಿ ಆಗಲ್ವಾ? ಇಲ್ಲ, ಇದನ್ನ ಇನ್ಯಾರಿಗಾದ್ರೂ ಹೊದಿಸ್ತೀಯಾ?"

ಅವನು ಆ ಬ್ಯಾಗನ್ನು ಒಮ್ಮೆ ಒತ್ತಿ ನೋಡಿದ. ಬೆರಳು ಸೀದಾ ಮೇಜಿಗೆ ತಾಗಿತು.

ಮರುದಿನ ಒಂಬತ್ತು ಜನ ಹೊರಟರು. ಅವನು ಕೇರಂ ಬೋರ್ಡನ್ನು ಹೊರಗೆ ಸಾಗಿಸಿ, ಸುತ್ತಿಗೆ ಹಿಡಿದು ಗೋಡೆಯೆದುರು ನಿಂತ.

"ಗೂಟಗಳ ನಡುವೆ ಎಷ್ಟು ಬಿಡ್ಲಿ ಅತ್ತಿಗೆ?"

ಗೇಣಕ್ಕ ಪುಸ್ತಕದಿಂದ ತಲೆಯೆತ್ತದೆ ಎರಡು ಸಲ ಬೆರಳು ಅಗಲಿಸಿ ಗೇಣು ತೋರಿಸಿದಳು.