ಮೂವತ್ತೊಂದು ಗಂಟೆಯ ನಾರ್ಮಲ್

ಕೇಳಿ ಸ್ನೇಹಿತರೇ, ನನ್ನ ಮಗಳು ಹುಟ್ಟಿ ಇವತ್ತಿಗೆ ಮೂರು ದಿನ. ಬೆಳಿಗ್ಗೆ ಗಂಡನ ಸೋದರತ್ತೆ ಭದ್ರಾವತಿಯಿಂದ ಶಿವಮೊಗ್ಗದ ಆಸ್ಪತ್ರೆಗೆ ನೋಡಲು ಬಂದರು. ಬಾಗಿಲಲ್ಲೇ ಕೇಳಿದರು:

"ನಾರ್ಮಲ್ಲಾ, ಸಿಸೇರಿಯನ್ನಾ?"

"ನಾರ್ಮಲ್ ಅತ್ತೆ. ಆದ್ರೆ ಮೂವತ್ತೊಂದು ಗಂಟೆ ನೋವು ತಿಂದೆ."

"ನಾರ್ಮಲ್ ತಾನೆ? ಮತ್ತೇನು ಕಷ್ಟ ಮಾರಾಯ್ತಿ!"

ಪಕ್ಕದಲ್ಲಿದ್ದ ಗಂಡ ಆಕಳಿಸಿದ. ಅತ್ತೆ ತಕ್ಷಣ ಅವನ ಬೆನ್ನು ಸವರಿದರು. "ಪಾಪ, ಎರಡು ದಿನ ಹೊರಗೆ ಕುರ್ಚಿ ಮೇಲೇ ಕೂತಿದ್ದನಂತೆ. ಎಷ್ಟು ಸೊರಗಿದಾನೆ ನೋಡು!"

ಆಮೇಲೆ ನನ್ನ ಮಂಚದ ತುದಿಯಲ್ಲಿ ಕೂತು ಉಸ್ಸೆಂದರು. "ಬಸ್ಸಲ್ಲಿ ಸೀಟೇ ಇಲ್ಲ ಕಣೇ. ಮುಕ್ಕಾಲು ಗಂಟೆ ನಿಂತೂ ನಿಂತೂ ಜೀವ ಹೋಗಿ ಬಂತು."

ನಾನೇ ಕಾಲು ಮಡಚಿ ಜಾಗ ಬಿಟ್ಟೆ. ಪಾಪ, ಅವರ ಪ್ರಯಾಣ ನಾರ್ಮಲ್ ಆಗಿರಲಿಲ್ಲವಲ್ಲ!