ಬೆಟ್ಟದ ಹುಡುಗಿ ಸಿದ್ಧಳಿದ್ದಾಳೆಂದು ನಾನು ಗೆದ್ದದ್ದು

ಚರ್ಚಾ ಸ್ಪರ್ಧೆಯಲ್ಲಿ ಪಳಗಿದವರಿಗೆ ಸ್ವಂತ ಅಭಿಪ್ರಾಯ ಅನ್ನುವುದು ಇರಬಾರದು. ಇದ್ದರೆ ಚೀಟಿಯಲ್ಲಿ ಬಂದ ಪಕ್ಷ ಹಿಡಿದು ವಾದಿಸಲಾಗುವುದಿಲ್ಲ. ಹೈಸ್ಕೂಲಿನಿಂದ ನಾನು ಚೀಟಿ ಎತ್ತುತ್ತಲೇ ಬೆಳೆದವಳು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಪಾನನಿಷೇಧ ಆಗಲೇಬೇಕು ಎಂದು ಬೆಳಿಗ್ಗೆ ಸರಸ್ವತಿಪುರಂನಲ್ಲಿ ತೀರ್ಪುಗಾರರ ಕಣ್ಣು ಒದ್ದೆ ಮಾಡಿ, ಆಗಕೂಡದು ಎಂದು ಮಧ್ಯಾಹ್ನ ಯಾದವಗಿರಿಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಎರಡೂ ಕಡೆ ಸ್ಟೀಲಿನ ಡಬ್ಬಿಯೇ ಬಹುಮಾನ. ಅಮ್ಮ ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಜೀರಿಗೆ ತುಂಬಿಟ್ಟಳು.

ಇದನ್ನು ಮೊದಲೇ ಹೇಳುತ್ತಿರುವುದು ನನ್ನನ್ನು ಕ್ಷಮಿಸಲಿ ಅಂತಲ್ಲ. ಮುಂದೆ ನಾನು ಮಾಡಿದ್ದು ಅಪ್ಪಿತಪ್ಪಿ ಆದದ್ದಲ್ಲ, ಅಭ್ಯಾಸದಿಂದ ಆದದ್ದು ಎಂದು ಗೊತ್ತಿರಲಿ ಅಂತ.

ಕೊರೊನಾ ಬಂದಾಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಕಾಲೇಜು ಮುಚ್ಚಿ ಪಾಠವೆಲ್ಲ ಫೋನಿನೊಳಗೆ ಹೋಯಿತು. ಅದಕ್ಕೂ ಮೊದಲು ‘ಆನ್‌ಲೈನ್ ಕಲಿಕೆಗೆ ನೀವು ಸಿದ್ಧರಿದ್ದೀರಾ?’ ಎಂಬ ಸಮೀಕ್ಷೆ ಬಂತು. ಸಮೀಕ್ಷೆ ಬಂದದ್ದೂ ಆನ್‌ಲೈನಿನಲ್ಲೇ. ನಿಮ್ಮಲ್ಲಿ ಇಂಟರ್ನೆಟ್ ಇದೆಯೇ ಎಂದು ಇಂಟರ್ನೆಟ್ಟಿನಲ್ಲಿ ಕೇಳುವುದು, ಮದುವೆ ಊಟದ ಪಂಕ್ತಿಯಲ್ಲಿ ನಿಂತು ‘ಕರೆಯೋಲೆ ಸಿಗದವರು ಯಾರ್ಯಾರು?’ ಎಂದು ಕೇಳಿದ ಹಾಗೆ. ಉತ್ತರ ಬರೆದವರೆಲ್ಲ ಸಿದ್ಧರಿದ್ದರು. ಬರೆಯದವರನ್ನು ನಮ್ಮ ವಿಭಾಗದ ಮುಖ್ಯಸ್ಥರು ಒಂದೇ ಮಾತಿನಲ್ಲಿ ಮುಗಿಸಿದರು: “ಫಾರ್ಮ್ ತುಂಬ್ದೇ ಇರೋರು ಅಂದ್ರೆ ಇಂಟರೆಸ್ಟ್ ಇಲ್ದೇ ಇರೋರು ಕಣ್ರಮ್ಮ. ಕ್ಲಾಸಲ್ಲೂ ಅವ್ರದ್ದು ಹಿಂದಿನ ಬೆಂಚೇ.”

ಸಿದ್ಧರಿಲ್ಲದವರು ಯಾರಾದರೂ ಇದ್ದರೆ ಅದು ಮೇಷ್ಟ್ರುಗಳು. ನಿವೃತ್ತಿಗೆ ಹತ್ತಿರವಾಗಿದ್ದ ಇತಿಹಾಸದ ಮೇಷ್ಟ್ರು ಒಂದು ದಿನ ಮೈಕು ಆಫ್ ಇಟ್ಟುಕೊಂಡೇ ಪೂರ್ತಿ ಪಾಠ ಮಾಡಿದರು. ಕೈ ಎತ್ತಿ, ಕನ್ನಡಕ ತೆಗೆದು, ಒಮ್ಮೆ ಭಾವುಕರಾಗಿ ನೀರು ಕುಡಿದು, ಯಾವುದೋ ಯುದ್ಧವನ್ನು ಮುಗಿಸಿಯೇಬಿಟ್ಟರು. ಒಬ್ಬರೂ ಹೇಳಲಿಲ್ಲ. ‘ಯಾರೂ ಹೇಳ್ಬೇಡಿ, ನೋಡೋಣ ಎಲ್ಲೀತನಕ ಹೋಗ್ತಾರೆ’ ಎಂದು ಕ್ಲಾಸಿನ ಗ್ರೂಪಿನಲ್ಲಿ ಹಾಕಿದವಳು ನಾನೇ. ಕೊನೆಗೆ ಅವರು ತೆರೆಗೆ ಮುಖ ತಂದು ‘ಡೌಟ್ಸ್ ಇದೆಯಾ?’ ಎಂದದ್ದು ತುಟಿ ನೋಡಿ ಗೊತ್ತಾಯಿತು. ‘ಇಲ್ಲ ಸರ್, ತುಂಬಾ ಚೆನ್ನಾಗಿತ್ತು’ ಎಂದು ಬರೆದೆವು. ಅವರು ಕೈ ಮುಗಿದರು.

ಈಗ ಬೆಟ್ಟದವಳ ವಿಷಯ. ನಮ್ಮ ಕ್ಲಾಸಿನ ಒಬ್ಬ ಹುಡುಗಿಯನ್ನು ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಮನೆ ಚಾಮುಂಡಿ ಬೆಟ್ಟದ ಮೇಲೆ. ತಾಯಿ ದೇವಸ್ಥಾನದ ಹತ್ತಿರ ಹೂವು, ಹಣ್ಣುಕಾಯಿ ಮಾರುತ್ತಿದ್ದರು, ತಂದೆ ಆಟೋ ಓಡಿಸುತ್ತಿದ್ದರು. ಮೂರು ಜನಕ್ಕೆ ಒಂದೇ ಫೋನು, ಅದು ತಂದೆಯದು. ಲಾಕ್‌ಡೌನಿನಲ್ಲಿ ಆಟೋ ನಿಂತಿದ್ದಾಗ ಅವಳು ಒಂದು ಕ್ಲಾಸೂ ತಪ್ಪಿಸಲಿಲ್ಲ. ಆಟೋ ಓಡಾಡಬಹುದು ಎಂದ ದಿನದಿಂದ ಬೆಳಿಗ್ಗೆ ಎಂಟಕ್ಕೇ ಫೋನು ಬೆಟ್ಟ ಇಳಿಯತೊಡಗಿತು. ಗೊತ್ತಿರುವ ಗಿರಾಕಿಗಳು ಕರೆಯುವುದು ಅದೇ ನಂಬರಿಗೆ. ನಮ್ಮ ಕ್ಲಾಸು ಹತ್ತಕ್ಕೆ. ದೇಶವೆಲ್ಲ ಬಾಗಿಲು ತೆರೆಯಿತೆಂದು ಸಂತೋಷಪಟ್ಟ ವಾರವೇ ಅವಳ ಕಾಲೇಜು ಮುಚ್ಚಿತು.

ಒಂದು ಸಂಜೆ ಫೋನ್ ಮಾಡಿದಳು. “ಅಟೆಂಡೆನ್ಸ್ ಶಾರ್ಟೇಜ್ ಬತ್ತೈತೆ ಕಣೇ. ಹಾಲ್ ಟಿಕೆಟ್ ಕೊಡಲ್ವಂತೆ. ಒಂದು ಅರ್ಜಿ ಬರ್ಕೊಡ್ತೀಯಾ? ನಿನ್ ಕನ್ನಡ ಚೆನ್ನಾಗೈತೆ.”

“ಏನಂತ ಬರೀಲಿ?”

“ಅಪ್ಪ ಬಂದ್ಮೇಲೆ ನೋಡ್ಕೊಳಂಗೆ ಪಾಠ ರೆಕಾರ್ಡ್ ಮಾಡಿ ಆಕ್ಲಿ. ಇಲ್ಲಾ ನನ್ ನೋಟ್ಸ್ ನೋಡಿ ಅಟೆಂಡೆನ್ಸ್ ಕೊಡ್ಲಿ. ಎರಡ್ರಲ್ಲಿ ಒಂದು. ವರ್ಷ ಕಳ್ದೋದ್ರೆ ಮತ್ತೆ ಸೇರಕ್ಕಾಗಲ್ಲ ಕಣೇ, ನಮ್ಮನೇಲಿ ಒಂದ್ಸಲ ಬುಟ್ರೆ ಬುಟ್ಟಂಗೇ.”

ಬರೆದೆ. ಒಳ್ಳೆಯ ಅರ್ಜಿ. ಸಮಾನ ಅವಕಾಶ, ಸಾಮಾಜಿಕ ನ್ಯಾಯ, ಎಲ್ಲ ಇತ್ತು. ನಮ್ಮ ಮನೆಯ ಮೇಜಿನ ಡ್ರಾದಲ್ಲಿ ಹಳೆಯ ಫೋನೊಂದು ಬಿದ್ದಿತ್ತು, ಮೂಲೆಯಲ್ಲಿ ಗಾಜು ಒಡೆದದ್ದು ಬಿಟ್ಟರೆ ಕೆಲಸ ಮಾಡುತ್ತಿತ್ತು. ಅರ್ಜಿ ಬರೆಯುವುದು ಹೊಳೆಯಿತು. ಫೋನು ಕೊಡುವುದು ಹೊಳೆಯಲಿಲ್ಲ. ಸಾಮಾಜಿಕ ನ್ಯಾಯಕ್ಕೆ ಡ್ರಾ ಎಳೆಯುವ ಅಭ್ಯಾಸವಿರುವುದಿಲ್ಲ.

ಅರ್ಜಿ ಸೋಮವಾರ ಪ್ರಿನ್ಸಿಪಾಲರ ಮುಂದೆ ಹೋಗುವುದಿತ್ತು. ಅದಕ್ಕೆ ಮೊದಲಿನ ಶನಿವಾರ ಕಾಲೇಜಿನ ಚರ್ಚಾ ಸ್ಪರ್ಧೆ, ಅದೂ ಆನ್‌ಲೈನ್. ವಿಷಯ: ‘ನಮ್ಮ ವಿದ್ಯಾರ್ಥಿಗಳು ಆನ್‌ಲೈನ್ ಕಲಿಕೆಗೆ ಸಿದ್ಧರಿದ್ದಾರೆ’. ಗೆದ್ದವರು ಮುಂದಿನ ವಾರ ಅಂತರ ಕಾಲೇಜು ಸ್ಪರ್ಧೆಗೆ. ಚೀಟಿಯನ್ನು ಸಂಚಾಲಕರೇ ಕ್ಯಾಮೆರಾದ ಮುಂದೆ ಎತ್ತಿದರು. ನನಗೆ ಪರ.

ನಾನು ಬೇಸರಪಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಬೇಸರವಾಗಲಿಲ್ಲ. ಕಷ್ಟದ ಪಕ್ಷ ಸಿಕ್ಕರೆ ಗೆಲುವಿನ ಬೆಲೆ ಜಾಸ್ತಿ ಎಂದು ಖುಷಿಯಾಯಿತು.

ವಿರೋಧಕ್ಕೆ ಬಂದವನು ಎರಡನೇ ವರ್ಷದ ಹುಡುಗ. ಪಾಪ, ಒಳ್ಳೆಯ ವಾದ ಕಟ್ಟಿಕೊಂಡು ಬಂದಿದ್ದ. “ಮಾನ್ಯರೇ, ಹಳ್ಳಿಯಲ್ಲಿ...” ಎನ್ನುವಷ್ಟರಲ್ಲಿ ಅವನ ನೆಟ್‌ವರ್ಕ್ ಹೋಗಿ ಮುಖ ಅಲ್ಲೇ ಬಾಯಿ ತೆರೆದುಕೊಂಡು ನಿಂತಿತು. ಸಮಯಪಾಲಕಿ ಸ್ಟೀಲ್ ಲೋಟಕ್ಕೆ ಚಮಚ ಬಡಿದು ಗಂಟೆ ಬಾರಿಸಿದಳು. ನನ್ನ ಸರದಿ ಬಂದಾಗ ಹೇಳಿದೆ: “ವಿರೋಧ ಪಕ್ಷದ ಗೆಳೆಯರ ವಾದ ನಿಂತುಹೋಗಿದೆ. ದಯವಿಟ್ಟು ಅದಕ್ಕೆ ನೆಟ್‌ವರ್ಕನ್ನು ದೂರಬೇಡಿ.” ತೀರ್ಪುಗಾರರು ಮೂವರೂ ನಕ್ಕರು, ನೋಡುತ್ತ ಕೂತಿದ್ದ ಪ್ರಿನ್ಸಿಪಾಲರು ಎಲ್ಲರಿಗಿಂತ ಜೋರಾಗಿ. ಆ ಹುಡುಗನ ತೆರೆದ ಬಾಯಿಗಿಂತ ದೊಡ್ಡ ಸಾಕ್ಷಿ ಅವನ ಪಕ್ಷಕ್ಕೆ ಬೇಕಿರಲಿಲ್ಲ. ಅದನ್ನೇ ಕಿತ್ತುಕೊಂಡು ನಾನು ಜೋಕು ಮಾಡಿದೆ.

ಆದರೂ ಮುಕ್ತಾಯಕ್ಕೆ ಒಂದು ಏಟು ಬೇಕಿತ್ತು. ಅಂಕಿ ಅಂಶಕ್ಕೆ ತೀರ್ಪುಗಾರರು ತಲೆದೂಗುತ್ತಾರೆ, ಒಬ್ಬ ಬಡ ಹುಡುಗಿಗೆ ಅಂಕ ಕೊಡುತ್ತಾರೆ. ಅದು ನಮ್ಮ ಕಸುಬಿನ ಗುಟ್ಟು. ಹೇಳಿಬಿಟ್ಟೆ:

“ನಮ್ಮದೇ ತರಗತಿಯಲ್ಲಿ ಚಾಮುಂಡಿ ಬೆಟ್ಟದ ಹುಡುಗಿಯೊಬ್ಬಳಿದ್ದಾಳೆ. ತಾಯಿ ಹೂ ಮಾರುತ್ತಾರೆ, ತಂದೆ ಆಟೋ ಚಾಲಕರು. ಆಕೆ ಬೆಟ್ಟದ ಮೆಟ್ಟಿಲ ಮೇಲೆ ಕುಳಿತು, ತಂದೆಯ ಫೋನಿನಲ್ಲಿ, ಒಂದು ದಿನವೂ ತಪ್ಪದೆ ಪಾಠ ಕೇಳುತ್ತಾಳೆ. ಅವಳು ಸಿದ್ಧಳಿದ್ದಾಳೆ ಮಾನ್ಯರೇ! ಸಿದ್ಧರಿಲ್ಲದಿರುವುದು ನೆಪ ಹುಡುಕುವ ನಾವು!”

ಒಬ್ಬ ತೀರ್ಪುಗಾರ್ತಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮೊದಲ ಬಹುಮಾನದ ಪರ್ಯಾಯ ಫಲಕ ನನ್ನದಾಯಿತು.

ಮಂಗಳವಾರ ಮುಖ್ಯಸ್ಥರ ಫೋನು. “ಆ ಅರ್ಜಿ ಬರ್ದಿದ್ದು ನೀನೇ ತಾನೆ? ಭಾಷೆ ನೋಡಿದ್ರೇ ಗೊತ್ತಾಯ್ತು.”

“ಹೌದು ಸರ್.”

“ಪ್ರಿನ್ಸಿಪಾಲ್ರು ಓದಿ ನಕ್ಬುಟ್ರು ಕಣಮ್ಮ. ಶನಿವಾರ ನಿನ್ ಮಾತಲ್ಲಿ ದಿನಾ ಪಾಠ ಕೇಳ್ತಿದ್ದ ಹುಡುಗಿ ಸೋಮವಾರ ಬರಕ್ಕಾಗಲ್ಲ ಅಂತ ಅರ್ಜಿ ಕೊಟ್ಟಿದಾಳಲ್ಲ, ಭಾನುವಾರ ಏನಾಯ್ತು ಅಂತಾರೆ. ಬೆಟ್ಟದ ಮೇಲೇ ಟವರ್ ಇರೋವಾಗ ನೆಟ್‌ವರ್ಕ್ ಇಲ್ಲ ಅಂದ್ರೆ ಯಾರು ನಂಬ್ತಾರೆ ಅಂತಾರೆ.”

“ನೆಟ್‌ವರ್ಕ್ ಅಲ್ಲ ಸರ್, ಫೋನೇ ಇಲ್ಲ.”

“ಇದೆ ಅಂತ ನೀನೇ ಅಂದ್ಯಲ್ಲ.”

“ಅದು ಸ್ಪರ್ಧೆ ಸರ್. ಚೀಟಿಯಲ್ಲಿ ಪರ ಬಂದಿತ್ತು.”

“ಅಂದ್ರೆ ನೀನು ಹೇಳಿದ್ದು ಸುಳ್ಳು?”

“ಸುಳ್ಳಲ್ಲ ಸರ್. ಉತ್ಪ್ರೇಕ್ಷೆ.”

ಈ ಮುಖ್ಯಸ್ಥರನ್ನು ನಾನು ಮೂರು ವರ್ಷ ಗೇಲಿ ಮಾಡಿದ್ದೆ. ಫಾರ್ಮ್ ತುಂಬದವರ ಬಗ್ಗೆ ಅವರು ಆಡಿದ ಮಾತನ್ನು ಅವರದೇ ದನಿಯಲ್ಲಿ ಅನುಕರಿಸಿ ಗೆಳತಿಯರನ್ನು ನಗಿಸಿದ್ದೆ. ಅವರು ನಿಧಾನವಾಗಿ ಹೇಳಿದರು: “ನೋಡಮ್ಮ. ಶುಕ್ರವಾರ ಯೂನಿವರ್ಸಿಟಿಗೆ ಶಾರ್ಟೇಜ್ ಲಿಸ್ಟ್ ಕಳಿಸ್ತಾರೆ. ಹೋದ್ಮೇಲೆ ಯಾರ ಕೈಲೂ ಇಲ್ಲ. ಅಷ್ಟರೊಳಗೆ ಒಂದು ಸಾಲು ಬರ್ದು ಸೈನ್ ಹಾಕ್ಕೊಡು. ‘ಸ್ಪರ್ಧೆಯಲ್ಲಿ ನಾನು ಹೇಳಿದ್ದು ನಿಜವಲ್ಲ. ಆ ಹುಡುಗಿ ಹತ್ತಿರ ಫೋನಿಲ್ಲ.’ ಅಷ್ಟೇ. ಅದನ್ನ ತಗೊಂಡ್ಹೋಗಿ ನಾನು ಅವ್ರ ಮುಂದೆ ಕೂತ್ಕೋತೀನಿ.”

ಬರೆಯಲು ಕೂತೆ. ‘ನಿಜವಲ್ಲ’ ಎಂದು ಬರೆದರೆ ಮುಂದಿನ ವಾರದ ಸ್ಪರ್ಧೆಗೆ ಕಳಿಸುತ್ತಾರೆಯೇ? ಹಾಗೆಂದು ಯೋಚಿಸಿದೆ ಅಂತ ಆಗ ಒಪ್ಪಿಕೊಳ್ಳುತ್ತಿರಲಿಲ್ಲ. ನನ್ನದು ತತ್ವದ ಪ್ರಶ್ನೆ ಎಂದುಕೊಂಡಿದ್ದೆ. ವೇದಿಕೆಯ ಮಾತು ಸಾಕ್ಷ್ಯವಲ್ಲ, ವಾದಿಸುವವಳು ಪ್ರಮಾಣ ಮಾಡಿ ನಿಂತಿರುವುದಿಲ್ಲ, ಅದನ್ನು ಸಾಕ್ಷ್ಯವೆಂದು ಹಿಡಿದವರದು ವಿವೇಚನೆಯ ಕೊರತೆ. ಒಂದೂವರೆ ಪುಟವಾಯಿತು. ಬುಧವಾರ ಕಳಿಸಿದೆ. ಗುರುವಾರ ಅವರು ಫೋನ್ ಮಾಡಿದರು.

“ಓದ್ದೆ. ಚೆನ್ನಾಗಿದೆ. ಇದರಲ್ಲಿ ನೀನು ಹೇಳಿದ್ದು ತಪ್ಪು ಅನ್ನೋ ಸಾಲು ಎಲ್ಲಿದೆಯಮ್ಮ?”

“ಓದಿದ್ರೆ ಅರ್ಥ ಆಗತ್ತಲ್ಲ ಸರ್.”

“ಅವ್ರಿಗೆ ಅರ್ಥ ಆಗೋ ಹಾಗಿದ್ರೆ ನಿನ್ನನ್ನ್ಯಾಕೆ ಕೇಳ್ತಿದ್ದೆ?”

ನೋಡುತ್ತೇನೆ ಸರ್ ಎಂದೆ. ನೋಡಲಿಲ್ಲ. ಶುಕ್ರವಾರ ಪಟ್ಟಿ ಹೋಯಿತು, ಅದರಲ್ಲಿ ಅವಳ ಹೆಸರಿತ್ತು. ಮುಂದಿನ ವಾರ ಅಂತರ ಕಾಲೇಜು ಸ್ಪರ್ಧೆಯ ಮೊದಲ ಸುತ್ತಿನಲ್ಲೇ ಸೋತೆ. ಇದು ಶಿಕ್ಷೆಯೇನಲ್ಲ. ಎದುರಿಗಿದ್ದವಳು ನನಗಿಂತ ಚೆನ್ನಾಗಿ ಸುಳ್ಳು ಹೇಳಿದಳು.

ಪರೀಕ್ಷೆ ಬರೆದೆ, ಪಾಸಾದೆ. ಅವಳಿಗೆ ಫೋನ್ ಮಾಡಲಿಲ್ಲ. ಮಾಡಿದ್ದರೂ ಎತ್ತುತ್ತಿದ್ದದ್ದು ಅವಳ ತಂದೆ ಎಂಬ ಕಾರಣ ಕೈಗೆ ಸುಲಭವಾಗಿ ಸಿಗುತ್ತಿತ್ತು. ದೇವಸ್ಥಾನ ತೆರೆದು ಎಷ್ಟೋ ತಿಂಗಳಾದ ಮೇಲೆ ಅಮ್ಮ ಹರಕೆ ತೀರಿಸಬೇಕೆಂದು ನನ್ನನ್ನು ಬೆಟ್ಟಕ್ಕೆ ಎಳೆದುಕೊಂಡು ಹೋದಳು. ದರ್ಶನ ಮುಗಿಸಿ ಅಮ್ಮ ಪ್ರಸಾದದ ಸಾಲಿನಲ್ಲಿ ನಿಂತಾಗ ನಾನು ಅಂಗಡಿಗಳ ಕಡೆ ನಡೆದೆ. ಸೇವಂತಿಗೆ ಮಾರು ಹಾಕುತ್ತ ಅವಳು ಕೂತಿದ್ದಳು.

ಮೊದಲು ನೋಡಿದ್ದು ಅವಳ ತಾಯಿ. “ಮಗಳ ಫ್ರೆಂಡಾ? ಬಾರವ್ವ. ಪಾಸಾದ್ಯಾ? ಒಳ್ಳೇದಾಯ್ತು ಬುಡು,” ಎಂದು ಒಂದು ಮೊಳ ಮಲ್ಲಿಗೆ ಕೊಟ್ಟು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು.

ಅವಳು ಹೂವಿನಿಂದ ಕಣ್ಣು ಎತ್ತದೆ ಹೇಳಿದಳು: “ಅವತ್ತು ಅಪ್ಪ ಊಟಕ್ಕೆ ಬಂದಿದ್ರು ಕಣೇ. ಫೋನ್ ಇಸ್ಕೊಂಡು ನಿನ್ ಡಿಬೇಟ್ ನೋಡ್ದೆ. ಅಪ್ಪಂಗೂ ತೋರಿಸ್ದೆ, ನಮ್ ಕ್ಲಾಸವಳು ನೋಡಪ್ಪ ಎಂಗೆ ಮಾತಾಡ್ತಾಳೆ ಅಂತ.”

ನಾನು ಕೈಯಲ್ಲಿದ್ದ ಮಲ್ಲಿಗೆಯನ್ನು ಸುರುಳಿ ಸುತ್ತತೊಡಗಿದೆ.

“ಮೆಟ್ಲು ಮೇಲೆ ಕೂತ್ಕೊಂಡು ಅಂದ್ಯಲ್ಲ, ಅಪ್ಪ ನನ್ ಮುಖ ನೋಡಿ, ಯಾವ್ ಮೆಟ್ಲವ್ವ ಅಂದ್ರು. ಅಲ್ಲಿ ಕೋತಿಗಳು ಬಾಳೆಹಣ್ಣೇ ಬುಡಲ್ಲ, ಫೋನ್ ಬುಡ್ತಾವಾ?” ನಕ್ಕಳು. ನಿಜವಾಗಿಯೇ ನಕ್ಕಳು.

“ಆಗ್ಲೇ ನಂಗೆ ಫೋನ್ ಮಾಡಿ ಬೈಬೇಕಿತ್ತಲ್ಲೇ,” ಎಂದೆ. ತಪ್ಪನ್ನು ಅವಳ ಕಡೆ ಸ್ವಲ್ಪ ತಳ್ಳಿ ನೋಡಿದೆ, ಅಭ್ಯಾಸಬಲ.

“ಯಾವ ಫೋನಲ್ಲಿ?”

ನಾನು ಬೇರೆ ದಾರಿ ಹಿಡಿದೆ. ಈ ವರ್ಷ ಮತ್ತೆ ಸೇರಬಹುದು, ನಿಯಮ ಇದೆ, ನಾನೇ ವಿಚಾರಿಸುತ್ತೇನೆ ಎಂದೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. “ಅಪ್ಪನ್ನ ಎಂಗೆ ಕೇಳ್ಲಿ? ನನ್ ಫೋನಿಂದ್ಲೇ ನಿನ್ ವರ್ಷ ಓಯ್ತು ಅಂತ ಎರಡು ದಿನ ಊಟ ಬುಟ್ಟಿದ್ರು. ಅರ್ಜಿ ಯಾಕೆ ಬಿದ್ದೋಯ್ತು ಅಂತ ಸರ್ ನಂಗೇಳಿದ್ರು, ಅಪ್ಪ ಇವತ್ಗೂ ಅಂಗೇ ತಿಳ್ಕೊಂಡವ್ರೆ. ಕಾಲೇಜು ಅಂದ್ರೇ ಎದ್ದು ಆಚೆ ಓಗ್ಬುಡ್ತಾರೆ.”

“ಅವ್ರ ತಪ್ಪಲ್ಲ ಅಂತ ಹೇಳೇ. ನನ್ನ ಮಾತಿಂದ ಆಯ್ತು ಅಂತ ಹೇಳು. ಸಾರಿ ಕಣೇ, ಆದ್ರೆ ನಾನು...”

“ಬೇಡ. ನೀನು ಸಾರಿ ಕೇಳೋದ್ರಲ್ಲೂ ಗೆದ್ಬುಡ್ತೀಯ.” ಗಲ್ಲದಿಂದ ಬಸ್ ನಿಲ್ದಾಣದ ಕಡೆ ತೋರಿಸಿದಳು. “ಅಪ್ಪ ಅಲ್ಲೇ ಆಟೋ ಆಕ್ಕೊಂಡವ್ರೆ. ನೀನೇ ಏಳ್ಬುಡು. ನಾನೇಳಿದ್ರೆ ಸಮಾಧಾನಕ್ಕೆ ಏಳ್ತಾಳೆ ಅನ್ಕೋತಾರೆ.”

ಆಟೋ ನಿಂತಲ್ಲಿಗೂ ಬಸ್ಸು ನಿಲ್ಲುವಲ್ಲಿಗೂ ನಡುವೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಖಾಕಿ ಅಂಗಿಯ ಸಣ್ಣ ಮನುಷ್ಯ, ಬಟ್ಟೆಯಿಂದ ಮುಂದಿನ ಗಾಜು ಒರೆಸುತ್ತಿದ್ದರು. ಹತ್ತಿರ ಹೋದೆ. ಫೋನಿನಲ್ಲಿ ಒಮ್ಮೆ ಕಂಡ ಮುಖದ ಗುರುತು ಸಿಗದೆ ನನ್ನನ್ನು ಗಿರಾಕಿ ಎಂದುಕೊಂಡು ಬಟ್ಟೆಯನ್ನು ಹೆಗಲಿಗೆ ಹಾಕಿ, “ಎಲ್ಲಿಗವ್ವ?” ಎಂದರು. ಕೂತುಕೊಳ್ಳಲಿ ಅಂತ ಸೀಟನ್ನೂ ಒರೆಸಿದರು.

“ಎಲ್ಲಿಗೂ ಇಲ್ಲ,” ಎಂದೆ.

ಅಷ್ಟರಲ್ಲಿ ಅಮ್ಮ ಬಸ್ಸಿನ ಬಾಗಿಲಲ್ಲಿ ನಿಂತು, “ಬಾರೇ, ಬಿಟ್ಬುಡ್ತಾನೆ!” ಎಂದು ಕೂಗಿದಳು. ಓಡಿಹೋಗಿ ಹತ್ತಿದೆ.